ನೆಲ ತಿಂದ ಶೂ

ನರ್ಸರಿಯ ಮೇಜಿನಿಂದ
ಮಾರ್ಚ್ ಒಂಬತ್ತು, ಭಾನುವಾರ ಬೆಳಿಗ್ಗೆ

ಮುದ್ದಿನ ಗುಬ್ಬಿ,

ಕೆಮ್ಮು ಹೋಯಿತೇ? ದಿನವಿಡೀ ಮೊಣಕಾಲುದ್ದ ಕೆಸರಲ್ಲಿ ನಿಂತರೆ ಕೆಮ್ಮು ಎಲ್ಲಿಗೆ ಹೋಗುತ್ತದೆ, ನಾನು ಕೇಳುವುದೇ ದಡ್ಡತನ. ಕಾಲುಚೀಲ ಎರಡೆರಡು ಜೊತೆ ಹಾಕಿಕೋ. ನನ್ನ ಮಂಡಿ ಎಂದಿನಂತಿದೆ, ಅಂದರೆ ಬೈದರೆ ನಡೆಯುತ್ತದೆ. ನಿನ್ನಪ್ಪ ನಮ್ಮ ಗಿಡಗಳ ನರ್ಸರಿಯ ಬೋರ್ಡಿಗೆ ಬಣ್ಣ ಹೊಡೆಯುತ್ತೇನೆಂದು ಮೂರು ತಿಂಗಳಿಂದ ಬ್ರಷ್ ತೊಳೆಯುತ್ತಿದ್ದಾನೆ.

ಜೌಗು ನೆಲ ಕಾಯುವ ಕೆಲಸ ಕಲಿಯಲು ಹೋದ ಮೇಲೆ ನೀನು ಬರೆದ ಮೊದಲ ಉದ್ದನೆಯ ಕಾಗದ ಹೋದ ತಿಂಗಳು ಬಂತು. ನಾಲ್ಕು ಪುಟ. ‘ನಮ್ಮ ಮೇಡಂ’ ಹನ್ನೊಂದು ಸಲ, ‘ಅಜ್ಜಿ’ ಎರಡು ಸಲ. ಅದರಲ್ಲೂ ಒಂದು ಲಕೋಟೆಯ ಮೇಲೆ. ಎಣಿಸಬೇಕೆಂದು ಎಣಿಸಿದ್ದಲ್ಲ, ಕಣ್ಣಿಗೆ ಬಿತ್ತು. ಕೆಸರಿನಲ್ಲಿ ಹೆಜ್ಜೆ ಇಡುವುದನ್ನು ಮೇಡಂ ಕೈಹಿಡಿದು ಕಲಿಸಿದರಂತೆ. ನಿನ್ನಮ್ಮ ಆಸ್ಪತ್ರೆಯಲ್ಲಿದ್ದ ಆ ಆರು ತಿಂಗಳು, ಈ ಕುಂಡಗಳ ಸಾಲಿನ ನಡುವೆ ನಿನಗೆ ಮೊದಲ ಹೆಜ್ಜೆ ಇಡಿಸಿದವಳು ನಾನು. ಅದನ್ನು ಅವರಿಗೆ ಹೇಳಿದ್ದೀಯಾ?

ಜೊತೆಗೆ ಒಂದು ಡಬ್ಬಿ ಜೌಗಿನ ಪಾಚಿ, ಅದರ ಮೇಲೆ ಅವರ ಅಕ್ಷರದಲ್ಲಿ ಚೀಟಿ: ‘ಮಳೆನೀರು ಮಾತ್ರ. ಗೊಬ್ಬರ ಬೇಡ.’ ನಲವತ್ತು ವರ್ಷದಿಂದ ಗಿಡ ಸಾಕುತ್ತಿರುವವಳಿಗೆ ನೀರು ಹಾಕುವುದನ್ನು ಹೇಳಿಕೊಡುತ್ತಾರಂತೆ! ಬೇಕೆಂದೇ ನಲ್ಲಿ ನೀರು ಹಾಕಿದೆ. ಹಸಿದಿರಬೇಕು ಪಾಪ ಎಂದು ಒಂದು ಚಮಚ ಗೊಬ್ಬರವನ್ನೂ ಕರಗಿಸಿ ಕೊಟ್ಟೆ. ಮೂರು ವಾರಕ್ಕೆ ಕಂದು ಬಣ್ಣಕ್ಕೆ ತಿರುಗಿ ಮುದುಡಿ ಕೂತಿತು. ನನ್ನ ಕೈಯಲ್ಲಿ ಗಿಡ ಸತ್ತದ್ದು ಇದೇ ಮೊದಲು ಎಂದರೆ ಸುಳ್ಳಾಗುತ್ತದೆ, ಆದರೆ ಹೊಟ್ಟೆತುಂಬ ಉಣಿಸಿ ಕೊಂದದ್ದು ಇದೇ ಮೊದಲು.

ಆಮೇಲೆ ಗ್ರಂಥಾಲಯದಿಂದ ಜೌಗು ನೆಲದ ಬಗ್ಗೆ ಒಂದು ದಪ್ಪ ಪುಸ್ತಕ ತಂದೆ, ಮೇಡಂ ಎಲ್ಲಾದರೂ ತಪ್ಪಿರಬೇಕು, ಹಿಡಿಯೋಣ ಎಂದು. ಒಂದೂ ಸಿಗಲಿಲ್ಲ. ಮಳೆಯನ್ನಷ್ಟೇ ಕುಡಿದು ಅರೆಹೊಟ್ಟೆಯಲ್ಲಿ ಬದುಕುವ ಜೌಗು ನೆಲ ‘ಬಾಗ್’ ಅಂತೆ. ನೆಲದೊಳಗಿನ ಒರತೆಯೂ ಸಿಕ್ಕಿ ಸ್ವಲ್ಪ ಅನುಕೂಲವಾಗಿರುವ ಜೌಗು ‘ಫೆನ್’. ಎರಡರಲ್ಲೂ ನೀರಿನಡಿ ಗಾಳಿಯಾಡದೆ ಸತ್ತ ಎಲೆ, ಕಡ್ಡಿಗಳು ಪೂರ್ತಿ ಕೊಳೆಯುವುದಿಲ್ಲ; ಒಂದರ ಮೇಲೊಂದು ಕೂತು ಪೀಟ್ ಎಂಬ ಕಪ್ಪು ಮಣ್ಣಾಗುತ್ತವೆ. ಒಂದು ಗೇಣು ಬೆಳೆಯಲು ಇನ್ನೂರು ವರ್ಷ. ಚರಂಡಿ ಹೊಡೆದು ಒಣಗಿಸಿದರೆ, ಅಷ್ಟು ಕಾಲ ಹಿಡಿದಿಟ್ಟುಕೊಂಡ ಇಂಗಾಲವೆಲ್ಲ ಮೆಲ್ಲಗೆ ಗಾಳಿಪಾಲು. ಅಲ್ಲಿಗೆ ಬಂದಾಗ ನಾನು ಕನ್ನಡಕ ತೆಗೆದಿಟ್ಟೆ.

ಯಾಕೆಂದರೆ, ನಿನಗೆ ಹೇಳಿರಲಿಲ್ಲ, ನರ್ಸರಿಯ ಹಿಂದಿನ ಆ ಒದ್ದೆ ನೆಲವನ್ನು ಒಣಗಿಸಿ ನಿನಗೊಂದು ಕೋಣೆ ಕಟ್ಟಿಸಬೇಕೆಂದಿದ್ದೆ. ಅಗಲ ಕಿಟಕಿ, ನಿನ್ನ ಸೂಕ್ಷ್ಮದರ್ಶಕಕ್ಕೊಂದು ಮೇಜು. ಇಲ್ಲೇ ಅಷ್ಟೆಲ್ಲ ಇದ್ದರೆ ಆ ಮೇಡಂ ಮನೆಯ ಅಟ್ಟದಲ್ಲಿ ಯಾಕಿರುತ್ತೀ? ಅಗೆಯುವ ಯಂತ್ರದವನು ಬಂದು ನೋಡಿಯೂ ಆಗಿತ್ತು. ‘ಎರಡೇ ದಿನ ಅಜ್ಜಿ, ಚರಂಡಿ ಹೊಡೆದು ಕಾಗದದ ಥರ ಒಣಗಿಸಿ ಕೊಡ್ತೀನಿ’ ಅಂದಿದ್ದ. ನಾಳೆಯೇ ಬರುವವನಿದ್ದ.

ನಿನ್ನೆ ಸಂಜೆ ಬಳ್ಳಿಗೆ ಆಸರೆ ಕೊಡುವ ಕೋಲು ಹಿಡಿದು ಹೋಗಿ ಅಲ್ಲಿ ಚುಚ್ಚಿದೆ. ಮೂರು ಗೇಣು ಇಳಿಯಿತು. ಆರುನೂರು ವರ್ಷ, ಗುಬ್ಬಿ, ನಮ್ಮ ಹಿತ್ತಿಲಲ್ಲಿ! ಇನ್ನೊಂದು ಕಡೆ ಚುಚ್ಚುವಾಗ ಗೇಣಾಳದಲ್ಲೇ ಏನೋ ತಡೆಯಿತು. ಮಂಡಿಯೂರಿ ಕೈಹಾಕಿ ಎಳೆದೆ.

ನಿನ್ನ ಚರ್ಮದ ಶೂ. ಆರು ವರ್ಷದವಳಿದ್ದಾಗ ಅಲ್ಲಿ ಕಾಲು ಹೂತು, ಒಂದೇ ಶೂನಲ್ಲಿ ಕುಂಟುತ್ತ ಬಂದು ‘ಅಜ್ಜಿ, ನೆಲ ತಿಂದ್ಬಿಡ್ತು’ ಎಂದೆಯಲ್ಲ, ಅದೇ. ಟೀ ಬಣ್ಣಕ್ಕೆ ತಿರುಗಿದೆ, ಅಷ್ಟೇ. ಚರ್ಮದ ಲೇಸಿನ ಗಂಟು ಕೂಡ ಸಡಿಲಾಗಿಲ್ಲ. ಆ ಗಂಟು ನಾನು ಹಾಕಿದ್ದು.

ಅಪ್ಪ, ಅಮ್ಮ ಇಬ್ಬರೂ ನಿನ್ನನ್ನು ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ನೀನೇನು ಬಾಗ್ ಅಲ್ಲ, ಉಂಡರೆ ಏನೂ ಆಗುವುದಿಲ್ಲ. ಮೈ ಬೆಚ್ಚಗಿರಲಿ, ಮನಸ್ಸು ತಣ್ಣಗಿರಲಿ.

ನಿನಗೆ ನಡಿಗೆ ಕಲಿಸಿದ,
ಅಜ್ಜಿ

ತಾ.ಕ.: ಯಂತ್ರದವನಿಗೆ ಬರಬೇಡವೆಂದು ಈಗಷ್ಟೇ ಹೇಳಿಕಳಿಸಿದೆ. ಹಾಗಾಗಿ ಕೋಣೆ ಇಲ್ಲ; ನೀನು ಬಂದರೆ ಆಳ ಅಳೆಯಲು ನೆಲವಿದೆ. ಶೂ ಒಣಗಿದರೆ ಬಿರುಕು ಬಿಡಬಹುದೆಂದು ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದೇನೆ, ಮಳೆನೀರಲ್ಲೇ. ಮುಂದೇನು ಮಾಡಬೇಕೆಂದು ಪುಸ್ತಕದಲ್ಲಿಲ್ಲ. ನಿಮ್ಮ ಮೇಡಂ ಅವರನ್ನು ಕೇಳು. ನಾನು ಕೇಳಿದೆ ಎನ್ನಬೇಡ. ಇಲ್ಲ, ಹೇಳು. ಗಂಟು ಯಾರು ಹಾಕಿದ್ದು ಎನ್ನುವುದನ್ನೂ ಹೇಳು.