ಖಂಡೇ ಪೂಜೆಯ ಕಾಡತೂಸು

ಹಳಿಯಾಳ ತಾಲೂಕು
೧೮ ಅಕ್ಟೋಬರ್ ೨೦೨೪

ಮಹಾಂತಣ್ಣನಿಗೆ ತಂಗಿ ಅನ್ನಪೂರ್ಣಾಳ ನಮಸ್ಕಾರ. ಮುಂಡಗೋಡದಲ್ಲಿ ನೀನೂ ವೈನಿಯೂ ಆರಾಮ ಇರುವಿರೆಂದು ನಂಬಿದ್ದೇನೆ. ಇಲ್ಲಿ ಆರಾಮಿಲ್ಲ. ಫೋನು ಮಾಡಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ಕೇಳಬೇಕಾದದ್ದು ಬಾಯಿಗೆ ಬರುವುದಿಲ್ಲ.

ಹಬ್ಬ ಮುಗಿಸಿ ನೀನು ಹೊರಟ ದಿನವೇ ಸಂಜೆ ನಮ್ಮ ಗೋವಿನಜೋಳದ ಹೊಲದಲ್ಲಿ ಕಡವೆಯೊಂದು ಗುಂಡು ತಗುಲಿ ಸತ್ತು ಬಿದ್ದದ್ದು ಕಂಡಿತು. ಫಾರೆಸ್ಟ್ ಗಾರ್ಡ್ ಬಸಲಿಂಗಯ್ಯ ನಮ್ಮ ಮನೆಯವರ ಹನ್ನೆರಡು ಬೋರಿನ ಬಂದೂಕು ಒಯ್ದ. ಮರುದಿನ ಅವರನ್ನೂ ಒಯ್ದರು. ಹಂದಿ ಬೆದರಿಸಲು ಗಾಳಿಗೆ ಹಾರಿಸುವುದು ಬಿಟ್ಟರೆ ಇವರು ಇರುವೆಗೂ ಗುರಿ ಇಟ್ಟವರಲ್ಲ, ನಿನಗೇ ಗೊತ್ತು.

ಖಂಡೇ ಪೂಜೆಯ ದಿನ ಆಯುಧಗಳ ಪೂಜೆಗೆಂದು ಇವರದೂ ನಿನ್ನದೂ ಎರಡೂ ಬಂದೂಕು ಮಣೆಯ ಮೇಲಿಟ್ಟು ನೀನೇ ನನಗೆ ಪಾಠ ಹೇಳಿದೆಯಲ್ಲ. ಇವರದು ಹೆಬ್ಬೆರಳಿನ ಗಾತ್ರದ ಕೆಂಪು ಕಾಡತೂಸು, ಒಳಗೆ ಛರ್ರಾ ಅನ್ನುವ ಸೀಸದ ಸಣ್ಣ ಗುಂಡುಗಳು, ಹಾರಿದರೆ ಕಾಳು ಚೆಲ್ಲಿದ ಹಾಗೆ ಚೆದುರುತ್ತದೆ. ನಿನ್ನ ರೈಫಲ್ಲಿನ ಮುನ್ನೂರಾ ಹದಿನೈದು ಬೋರಿನ ಕಾಡತೂಸು ಹಿತ್ತಾಳೆಯದು, ಸಪೂರ, ಒಂದೇ ಗುಂಡು, ಬಲು ದೂರ ಹೋಗುತ್ತದೆ. "ನಿನ್ನ ಗಂಡನ ಬಂದೂಕು ಗದ್ದಲಾ ಮಾಡತೈತಿ, ನಂದು ಕೆಲಸಾ ಮಾಡತೈತಿ" ಅಂದಿದ್ದೆ. ಎಲ್ಲರೂ ನಕ್ಕೆವು.

ಕಡವೆಗೆ ಗುಂಡು ಹೊಕ್ಕ ತೂತು ಒಂದೇ ಇತ್ತು ಅಣ್ಣ. ನನ್ನ ಕಿರುಬೆರಳೂ ಬಿಗಿಯಾಗುವಷ್ಟು ಸಣ್ಣದು. ಛರ್ರಾ ಹೊಡೆದರೆ ಹೀಗಾಗುವುದಿಲ್ಲ ಎಂದು ಬಸಲಿಂಗಯ್ಯನಿಗೆ ಹೇಳಿದೆ. "ಹನ್ನೆರಡು ಬೋರಿಗೂ ಒಂಟಿ ಗುಂಡು ಬರತಾವ್ರೀ ಅಕ್ಕಾರ, ನಮಗ ಕಲಸಬ್ಯಾಡ್ರಿ" ಅಂದ. ಗುಂಡು ಮೈ ಹಾಯ್ದು ಹೋಗಿದೆ, ಇನ್ನೂ ಸಿಕ್ಕಿಲ್ಲ.

ಹಬ್ಬಕ್ಕೆ ಯಾರು ಬಂದಿದ್ದರೆಂದೂ ಕೇಳಿದ. ಅಣ್ಣ ಬಂದಿದ್ದ, ಹೊರಡುವ ತನಕ ಮನೆ ಬಿಟ್ಟು ಕದಲಲಿಲ್ಲ ಎಂದೆ. ಹೊರಡುವ ದಿನ ಬೆಳಗ್ಗೆ ನೀನು ರೈಫಲ್ ಹಿಡಿದು ಹೊಲ ನೋಡಲು ಹೋದದ್ದು ನಾಲಿಗೆಯ ತುದಿಯಲ್ಲಿತ್ತು, ನುಂಗಿಕೊಂಡೆ.

ಇವರೂ ನಿನ್ನ ಹೆಸರು ಎತ್ತಿಲ್ಲ. ಜೈಲಿಗೆ ನೋಡಲು ಹೋದಾಗ "ಮಹಾಂತಣ್ಣಗ ತಿಳಸಬ್ಯಾಡ, ಸುಮ್ನ ಕಾಳಜಿ ಮಾಡತಾನ" ಅಂದರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ನೀನು ಹೊಡೆದಿಲ್ಲವೆಂದು ಒಂದು ಮಾತು ಬರೆ.

ನಿನ್ನ ತಂಗಿ,
ಅನ್ನಪೂರ್ಣಾ

ತಾ.ಕ.: ಆ ಮಾತು ಬರೆಯಬೇಡ. ಪೂಜೆಯಲ್ಲಿ ನಿನ್ನ ಕಾಡತೂಸುಗಳ ಬುಡಕ್ಕೆ ಕುಂಕುಮ ಹಚ್ಚಿದವಳು ನಾನೇ. ನಿನ್ನೆ ನಮ್ಮ ಹೊಲದ ಬದುವಿನಲ್ಲಿ ಹಾರಿಸಿ ಖಾಲಿಯಾದ ಕಾಡತೂಸಿನ ಹಿತ್ತಾಳೆ ಕೊಳವೆ ಸಿಕ್ಕಿತು, ಬುಡದ ಗೀರಿನಲ್ಲಿ ಕುಂಕುಮ ಇನ್ನೂ ಇದೆ. ಹುಣಸೆಹಣ್ಣಿನ ಗಡಿಗೆಯಲ್ಲಿ ಇಟ್ಟಿದ್ದೇನೆ. ಬರುವ ಶುಕ್ರವಾರ ಇವರ ಜಾಮೀನಿನ ವಿಚಾರಣೆ. ಗುರುವಾರದ ತನಕ ನಿನ್ನ ದಾರಿ ಕಾಯುತ್ತೇನೆ. ಬಂದರೆ ಕೋರ್ಟಿನಲ್ಲಿ ಅದನ್ನು ನಿನ್ನ ಕೈಯಿಂದ ಕೊಡುವಿಯಂತೆ. ಬರದಿದ್ದರೆ ನಾನೇ ಕೊಡುತ್ತೇನೆ.