ಕಾಂಗರೂ ಡೇರೆಯಲ್ಲಿ ಕೊಡಬೇಕಿದ್ದ ಕಾಗದ

ಹುಡುಗಿಯರ ಹಾಸ್ಟೆಲ್, ಬಸವನಗುಡಿ
೯-೮-೧೯೫೩, ಭಾನುವಾರ

ಅಮ್ಮನ ಪಾದಗಳಿಗೆ ಶಿವಕುಮಾರಿಯ ಶರಣು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಕೋಬೇಡ. ಮೊದಲು ಟೆಸ್ಟು, ಆಮೇಲೆ ನೆಗಡಿ. ನೆಗಡಿ ವಾಸಿಯಾಯಿತು, ಮಾರ್ಕ್ಸ್ ಮಾತ್ರ ಕೇಳಬೇಡ.

ನಿನ್ನೆ ಜುವಾಲಜಿ ಲೆಕ್ಚರರ್ ರೇವಣಸಿದ್ದಯ್ಯನವರು ನಮ್ಮ ಫಸ್ಟ್ ಇಯರ್‌ನವರನ್ನೆಲ್ಲ ಅರ್ಧ ದಿನ ಚಾಮರಾಜಪೇಟೆ ಮೈದಾನಕ್ಕೆ ಕರಕೊಂಡು ಹೋಗಿದ್ದರು. ಆಸ್ಟ್ರೇಲಿಯಾದ ಪ್ರಾಣಿಗಳನ್ನು ತಂದು ಅಲ್ಲಿ ಡೇರೆ ಹಾಕಿದಾರೆ. ತೋರಿಸುವವರೂ ಆ ದೇಶದವರೇ, ಒಬ್ಬರು ಕೆಂಪು ಮುಖದ ಮುದುಕರು. ಇಲ್ಲಿಂದ ನೇರ ಪರ್ತ್‌ಗೆ ವಾಪಸ್ಸಂತೆ. ನೋಟೀಸಿನಲ್ಲಿ ಪರ್ತ್ ಅಂತ ಓದಿದ್ದೇ, ಅಪ್ಪಾಜಿ ಇರೋ ಊರು ಅಂತ ಅವರಿಗೊಂದು ಕಾಗದ ಬರೆದು ಪುಸ್ತಕದೊಳಗೆ ಇಟ್ಟುಕೊಂಡು ಹೋದೆ. ನಿನ್ನ ಕೇಳದೆ ಮಾಡಿದ್ದು. ಕೋಪ ಬಂದರೆ ಬರಲಿ.

ಕೊಡೋಕೆ ಪುರಸೊತ್ತೆಲ್ಲಿ! ಮುದುಕರ ಇಂಗ್ಲಿಷು ಯಾರಿಗೂ ತಿಳೀಲಿಲ್ಲ. ಲೆಕ್ಚರರು ನನ್ನ ಬೂದುಗಣ್ಣು ನೋಡಿ, “ನೀನೇ ಹೇಳಮ್ಮಾ, ನಿನಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು?” ಅಂದರು. ಹಾಸ್ಟೆಲ್ ಇಂಗ್ಲಿಷು ನನ್ನದು, ಅವರದೋ ಪೂರಾ ಮೂಗಿನಲ್ಲಿ! ಅರ್ಧ ಊಹೆ ಮಾಡಿ ಹೇಳಿದೆ. ಕಾಂಗರೂ ಮೂರು ಗಂಟೆಯೂ ಮಲಗೇ ಇತ್ತು. ಎಮು ಹಕ್ಕಿ ಉದ್ದ ಕತ್ತು ಚಾಚಿಕೊಂಡು ಬಂದಾಗ ನನ್ನ ರೂಮಿನ ತ್ರಿಪುರಸುಂದರಿ, “ಲೇ, ನಮ್ಮ ವಾರ್ಡನ್ ಊಟದ ಹಾಲಿಗೆ ಬರೋದು ಹೀಗೇ ಅಲ್ವೇನೇ?” ಅಂದಳು. ಎಲ್ಲರೂ ನಕ್ಕರು, ಮುಂದೆ ನಿಂತಿದ್ದಕ್ಕೆ ಬೈಸಿಕೊಂಡವಳು ನಾನೊಬ್ಬಳೇ. ಕಡೆಗೆ ಬಸ್ಸು ಹಾರ್ನ್ ಹೊಡೀತು. ಕಾಗದ ಹಾಗೇ ವಾಪಸ್ಸು ಬಂತು. ಅಳು ಬರೋಷ್ಟು ಸಿಟ್ಟು ಬಂದಿದೆ.

ನಿನ್ನ ಸ್ಕೂಲಿನ ಮಕ್ಕಳಿಗೆ ತೋರಿಸು ಅಂತ ಕಾಂಗರೂ ಚಿತ್ರ ಬರೆದು ಇದರೊಳಗೆ ಇಟ್ಟಿದೀನಿ. ತಾತನಿಗೆ ಶರಣು ಹೇಳು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗಳು,
ಶಿವಕುಮಾರಿ

ಮರೆತ ಮಾತು: ಬಸ್ಸಿನ ವಿಷಯ ಸುಳ್ಳಮ್ಮಾ. ಕಾಗದ ಕೊಟ್ಟೆ. ಮುದುಕರು ಲಕೋಟೆ ತಿರುಗಿಸಿ ನೋಡಿದರು; ಮೇಲೆ ಇಂಗ್ಲಿಷಿನಲ್ಲಿ ‘ನನ್ನ ತಂದೆಯವರಿಗೆ, ಪರ್ತ್’ ಅಂತಷ್ಟೇ ಇತ್ತು. “ಹುಡುಕಿ ಕೊಡ್ತೀನಿ ಮಗೂ, ಹೆಸರೇನು?” ಅಂದರು. ನೀನು ‘ಅವರು’ ಅಂತೀಯ. ತಾತ ‘ಆ ದೊರೆ’ ಅಂತಾರೆ. ಸ್ಕೂಲಿನ ರಿಜಿಸ್ಟರಿನಲ್ಲೂ ತಾತನ ಹೆಸರೇ ಇತ್ತು. ಹದಿನೇಳು ವರ್ಷದವಳು, ಅಪ್ಪನ ಹೆಸರು ಗೊತ್ತಿಲ್ಲ ಅಂತ ಅವರ ಮುಂದೆ ಹೇಗೆ ಹೇಳಲಿ? ಕಾಗದ ಕಿತ್ತುಕೊಂಡು ಬಂದೆ.

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ಇಷ್ಟು ವರ್ಷ ನಡೆಸಿಕೊಂಡು ಬಂದಿದೀಯ. ಈಗಲೂ ಹೇಳಬೇಡ. ಬರೆದು ಕಳಿಸು. ಡೇರೆ ಗುರುವಾರದ ತನಕ ಇರತ್ತೆ.