ವಿಲ್ಸನ್ ಗಾರ್ಡನ್ನಿಗೆ ಕುರಿಗೊಬ್ಬರ

ಜೂನ್ 8, ಭಾನುವಾರ

ಬಟ್ಟೆ ಒಣಹಾಕಿ, ಇಡ್ಲಿಗೆ ನೆನೆಸಿ ಕೂತೆ. ಕುಕ್ಕರ್ ಗ್ಯಾಸ್ಕೆಟ್ ಬರಬೇಕಿತ್ತು. ಬಂತು... ವಿಲ್ಸನ್ ಗಾರ್ಡನ್ನಿಗೆ. ಮತ್ತೆ.

ಡಿವೋರ್ಸ್ ಆಗಿ ವರ್ಷವಾಯಿತು. ಕೋರ್ಟಿಗೆ ಗೊತ್ತು, ಬ್ಯಾಂಕಿಗೆ ಗೊತ್ತು, ಪುಟ್ಟೇನಹಳ್ಳಿಯ ಹಾಲಿನವನಿಗೂ ಗೊತ್ತು. ಶಾಪಿಂಗ್ ಆ್ಯಪ್‌ಗೆ ಮಾತ್ರ ನಾನಿನ್ನೂ ಶಶಿಕಾಂತನ ಹೆಂಡತಿ.

ಮದುವೆಯಾದ ಹೊಸದರಲ್ಲಿ ಅವನ ನಂಬರಿನಲ್ಲಿ ತೆರೆದ ಖಾತೆ. ಅವನು 'ಮುಖ್ಯ ಸದಸ್ಯ'. ನಾನು 'ಕುಟುಂಬ'. ವಿಲ್ಸನ್ ಗಾರ್ಡನ್ನಿನ ಅವನ ಮನೆಯೇ ಡಿಫಾಲ್ಟ್ ವಿಳಾಸ. ಪುಟ್ಟೇನಹಳ್ಳಿಯ ನನ್ನ ಮನೆಯನ್ನು ಪ್ರತಿ ಸಲ ನಾನೇ ಆರಿಸಬೇಕು. 'ಈಗಲೇ ಕೊಳ್ಳಿ' ಬಟನ್ ಅಂಗೈ ಅಗಲ. ವಿಳಾಸ ಅದರ ಕೆಳಗೆ, ಬೂದು ಬಣ್ಣದಲ್ಲಿ, ಇರುವೆ ಸಾಲಿನಂತೆ.

ನನ್ನ ನಂಬರ್ ಬೇರ್ಪಡಿಸಲು ಓಟಿಪಿ ಬೇಕು. ಅದು ಹೋಗುವುದು ಅವನ ಫೋನಿಗೆ. ಇವತ್ತೂ ಕೇಳಿದೆ.

"ನೋಡೋಣ ಬಿಡು. ಮೀಟಿಂಗಲ್ಲಿದ್ದೀನಿ."

ಭಾನುವಾರ. ಮೀಟಿಂಗ್.

ಹೊಸ ಖಾತೆಗೂ ಬಿಡದು. 'ಈ ನಂಬರ್ ಈಗಾಗಲೇ ಒಂದು ಸುಖೀ ಕುಟುಂಬದಲ್ಲಿದೆ' ಎನ್ನುತ್ತದೆ. ಸುಖೀ.

ಜೂನ್ 12, ಗುರುವಾರ

ಕೈಲಾಸ್ ಅವರ ಹುಟ್ಟುಹಬ್ಬ ಹತ್ತಿರ ಬಂತು. ಲ್ಯಾಬಿನಲ್ಲಿ ನನ್ನ ಎದುರಿನ ಟೇಬಲ್ಲು ಅವರದು. ಊಟದ ಡಬ್ಬಿ ಹಂಚಿಕೊಳ್ಳುವಷ್ಟಕ್ಕೆ ಬಂದಿದ್ದೇವೆ. ಮುಂದಿನದರ ಬಗ್ಗೆ ಇಬ್ಬರೂ ಇನ್ನೂ ಬಾಯಿಬಿಟ್ಟಿಲ್ಲ. ನೀಲಿ ಖಾದಿ ಕುರ್ತಾ ಆರಿಸಿದೆ. ಶಿಫ್ಟ್ ಮುಗಿದು ಬನಶಂಕರಿಯಿಂದ ಬರುವಷ್ಟರಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ಆ್ಯಪ್‌ನಲ್ಲೇ. ವಿಳಾಸ ಪುಟ್ಟೇನಹಳ್ಳಿ — ನೋಡಿ, ಇನ್ನೊಮ್ಮೆ ನೋಡಿ ಒತ್ತಿದೆ. ಆಮೇಲೆ ಕೇಳಿತು, ಗಿಫ್ಟ್ ಪ್ಯಾಕ್ ಬೇಕಾ? ಹೌದು ಎಂದೆ. ಚೀಟಿಯಲ್ಲಿ ಏನು ಬರೆಯಬೇಕು? 'ಪ್ರೀತಿಯ ಕೈಲಾಸ್‌ಗೆ' ಎಂದು ಟೈಪ್ ಮಾಡಿದೆ. 'ಪ್ರೀತಿಯ' ಅಳಿಸಿದೆ. ಮತ್ತೆ ಹಾಕಿದೆ.

ಜೂನ್ 17, ಮಂಗಳವಾರ

'ತಲುಪಿಸಲಾಗಿದೆ. ಪಡೆದವರು: ಶಶಿಕಾಂತ್.'

ಗಿಫ್ಟ್ ಪ್ಯಾಕ್ ಎಂದೊಡನೆ ವಿಳಾಸ ಮತ್ತೆ ಡಿಫಾಲ್ಟ್‌ಗೆ ಹೋಗುತ್ತದಂತೆ. ಆ್ಯಪ್‌ನ ಚಾಟ್‌ನಲ್ಲಿ ಗೊತ್ತಾಯಿತು. ಅದು ಮನುಷ್ಯನಲ್ಲ, ಬಾಟ್. 'ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ' ಎಂದು ಒಂದು ಹೂವು ಕಳಿಸಿತು. ರಿಟರ್ನ್ ಮಾಡಲು ಪಡೆದವರೇ ಅರ್ಜಿ ಹಾಕಬೇಕಂತೆ.

ಸಂಜೆ ಅವನ ಮೆಸೇಜು. "ಕೈಲಾಸ್ ಯಾರು? ಕುರ್ತಾ ನಂಗೆ ಕರೆಕ್ಟಾಗಿದೆ."

ಜೂನ್ 18

ಕುರ್ತಾ ಹಾಕಿಕೊಂಡು ವಾಟ್ಸಾಪ್ ಡಿಪಿ ಇಟ್ಟಿದ್ದಾನೆ. ಹಲ್ಲು ಕಾಣುತ್ತಿದೆ.

ಜೂನ್ 22, ಭಾನುವಾರ

ದಾವಣಗೆರೆಯಿಂದ ಅಪ್ಪನ ಫೋನು.

"ಯಾರವ್ವಾ ಅದು, ಕೈಲಾಸ್ ಅಂದ್ರೆ?"

ಶಶಿಕಾಂತ ನೆಂಟರ ಗ್ರೂಪಿನಲ್ಲಿ ಆ ಚೀಟಿಯ ಫೋಟೋ ಹಾಕಿದ್ದಾನೆ. ಡಿವೋರ್ಸಿಗೆ ಮೊದಲೇ ಇದೆಲ್ಲ ಇತ್ತು ಎಂದು ಬರೆದಿದ್ದಾನೆ. ಆಗ ನಾನು ಆ ಲ್ಯಾಬಿಗೆ ಸೇರಿರಲೇ ಇಲ್ಲ. ಅಪ್ಪನಿಗೆ ಹೇಳಿದೆ. "ನಂಗೊತ್ತು ಬಿಡು" ಅಂದರು. ದನಿ ಸಣ್ಣಗಾಗಿತ್ತು. ಇನ್ನು ಶ್ರಾವಣದ ಪೂಜೆಗೆ ದೊಡ್ಡಪ್ಪನ ಮನೆಗೆ ಅವರು ಹೋಗಲಾರರು.

ಫೋನ್ ಇಟ್ಟು ತುಂಬ ಅತ್ತೆ. ಆಮೇಲೆ ಅಳು ನಿಂತಿತು. ಅದರ ಜಾಗದಲ್ಲಿ ಬೇರೆ ಏನೋ ಬಂತು. ತಣ್ಣಗಿತ್ತು.

ಜೂನ್ 24

ಕುರಿಗೊಬ್ಬರ. ಇಪ್ಪತ್ತು ಕೆಜಿ ಮೂಟೆ. ದುಡ್ಡು ನನ್ನದೇ, ಸಂತೋಷವೂ ನನ್ನದೇ.

ವಿಳಾಸ ಬದಲಿಸಲು ಹೋಗಲಿಲ್ಲ. 'ಪ್ರತಿ ವಾರ ಕಳಿಸಿ' ಎಂಬ ಕಡೆ ಆ್ಯಪ್ ತಾನೇ ಟಿಕ್ ಹಾಕಿಟ್ಟಿರುತ್ತದೆ. ಎಷ್ಟು ಸಲ ಆ ಟಿಕ್ ತೆಗೆಯಲು ಮರೆತು ಬೈದುಕೊಂಡಿದ್ದೇನೆ. ಇವತ್ತು ಅದನ್ನು ಮುಟ್ಟಲಿಲ್ಲ. 'ಗೇಟಿನ ಬಳಿ ಇಟ್ಟು ಹೋಗಿ' ಆರಿಸಿದೆ. ಅಲ್ಲಿ ಕೆಳಗಿನ ಮನೆಯಲ್ಲಿರುವ ಓನರ್ ರಾಮಯ್ಯನವರು ಗೇಟಿನ ಹತ್ತಿರ ಒಂದು ಜೊತೆ ಚಪ್ಪಲಿಯನ್ನೂ ಸಹಿಸುವವರಲ್ಲ. ಶಶಿಕಾಂತನ ಮನೆ ಮೂರನೇ ಮಹಡಿ. ಲಿಫ್ಟ್ ಇಲ್ಲ.

ಜುಲೈ 6, ಭಾನುವಾರ

ಎರಡನೇ ಮೂಟೆ ಹೋಯಿತು. ಶಶಿಕಾಂತನ ಫೋನ್ ಬಂತು. ಎತ್ತಲಿಲ್ಲ. ಮೀಟಿಂಗಲ್ಲಿದ್ದೆ. ಕಾಫಿ ಜೊತೆ.

ಜುಲೈ 13, ಭಾನುವಾರ, ಬೆಳಿಗ್ಗೆ

ಇವತ್ತು ಎತ್ತಿದೆ.

"ಏನ್ ತಮಾಷೆ ಇದು ಲಿಖಿತಾ? ಮನೆಯೆಲ್ಲಾ ಕುರಿ ದೊಡ್ಡಿ ಥರ ನಾರ್ತಿದೆ. ಕ್ಯಾನ್ಸಲ್ ಮಾಡು."

"ನೀನೇ ಮಾಡು. ಮುಖ್ಯ ಸದಸ್ಯ ನೀನೇ ಅಲ್ವಾ?"

"ಆಗ್ತಿಲ್ಲ. ಆರ್ಡರ್ ಮಾಡಿದವ್ರೇ ಮಾಡ್ಬೇಕಂತೆ. ಆ ಬಾಟ್ ಹೂವು ಕಳಿಸ್ತಿದೆ."

ನನಗೆ ನಗು ಬರಲಿಲ್ಲ. ಬೇಕಾದ್ದನ್ನು ಹೇಳಿದೆ. ಗ್ರೂಪಿಂದ ಚೀಟಿಯ ಫೋಟೋ ಡಿಲೀಟ್ ಮಾಡು. ಬರೆದಿದ್ದು ಸುಳ್ಳು ಅಂತ ಅದೇ ಗ್ರೂಪಲ್ಲಿ ಬರಿ. ಆಮೇಲೆ ಓಟಿಪಿ ಕೊಡು.

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಮುಂದಿನ್ ಭಾನುವಾರ."

ಫೋನ್ ಇಟ್ಟುಬಿಟ್ಟ. ನಂತರ ಅಪ್ಪನಿಂದ ಸ್ಕ್ರೀನ್‌ಶಾಟ್ ಬಂತು. ಶಶಿಕಾಂತ ಬರೆದಿದ್ದ. ಚಿಕ್ಕದಾಗಿ, ಕ್ಷಮೆ ಎಂಬ ಪದವಿಲ್ಲದೆ. ಆದರೂ ಬರೆದಿದ್ದ.

ಅವನೇ ಮತ್ತೆ ಫೋನ್ ಮಾಡಿ ಓಟಿಪಿ ಓದಿದ.

"ನಿಧಾನ. ಇನ್ನೊಂದ್ಸಲ ಹೇಳು."

"ಟೈಮ್ ಆಗೋಯ್ತು ಕಣೇ."

"ಹಾಗಾದ್ರೆ ಮತ್ತೆ ಕಳಿಸ್ತೀನಿ."

ಮತ್ತೆ ಓದಿದ. ಪಾಠ ಒಪ್ಪಿಸುವವನ ಹಾಗೆ. ನಾನು ಬೇರ್ಪಟ್ಟೆ.

ಜುಲೈ 13, ಸಂಜೆ

ಕೈಲಾಸ್‌ಗೆ ಎಲ್ಲ ಹೇಳಿದೆ, ಚೀಟಿಯಲ್ಲಿ ಏನಿತ್ತು ಎಂಬುದನ್ನೂ. "ಕುರ್ತಾ ಹೋದ್ರೆ ಹೋಗ್ಲಿ, ಚೀಟಿ ನಂಗೆ ಬೇಕಿತ್ತು" ಅಂದರು.

ಮೂಟೆಯ ಆರ್ಡರ್ ಹಳೆಯ ವಿಳಾಸದ ಸಮೇತ ನನ್ನ ಖಾತೆಗೇ ಬಂದಿತ್ತು. ರದ್ದು ಮಾಡಲು ಕೂತೆ. ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಬಸವಲಿಂಗಮ್ಮನವರ ಫೋನು. ಶಶಿಕಾಂತನ ತಾಯಿ, ಅವನ ಜೊತೆಗೇ ಇರುವವರು. ಡಿವೋರ್ಸ್ ಆದಮೇಲೆ ಮೊದಲ ಸಲ.

"ಚೆನ್ನಾಗಿದ್ದೀಯೇನವ್ವಾ? ಗೊಬ್ಬರ ನಿಲ್ಲಿಸ್ಬಿಟ್ಯಾ?"

"ಇಲ್ಲತ್ತೆ, ಈಗ ನಿಲ್ಲಿಸ್ತಾ ಇದ್ದೆ. ತೊಂದ್ರೆ ಆಯ್ತೇನೋ ನಿಮ್ಗೆ... ತಪ್ಪಾಯ್ತು."

"ನಿಲ್ಲಿಸ್ಬೇಡ. ಟೆರೇಸ್ ಮೇಲೆ ಬದನೆ ಹಾಕಿದ್ದೀನಿ, ಸುತ್ತಲ ಮನೆಯವ್ರೂ ಕೇಳ್ತಾರೆ. ಅದಲ್ದೆ..." ದನಿ ತಗ್ಗಿಸಿದರು. "ಇಷ್ಟು ವರ್ಷದಲ್ಲಿ ನಂಗೊಂದು ನೀರಿನ ಕ್ಯಾನ್ ಎತ್ತಿಕೊಟ್ಟೋನಲ್ಲ ಅವ್ನು. ಹೊರ್ಲಿ. ನಾನು ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ನೋಡ್ತೀನಿ."

ರದ್ದು ಬಟನ್ ಕೊನೆಗೂ ಸಿಕ್ಕಿತು. ಎಲ್ಲದಕ್ಕಿಂತ ಕೆಳಗೆ, ಬೂದು ಬಣ್ಣ. ಅದರ ಪಕ್ಕದಲ್ಲೇ 'ತೂಕ ಬದಲಿಸಿ' ಎಂದಿದೆ. ಇದನ್ನು ಯಾವತ್ತೂ ನೋಡಿರಲಿಲ್ಲ. ಇಪ್ಪತ್ತೈದು ಕೆಜಿ. ಮೂವತ್ತು. ನಲವತ್—